ಕಿವಿಯ ಮಷೀನು

"ಯಪ್ಪಾ, ಅವ್ವನ ಕಿವಿ ಮಷೀನಿನ ಫೋಟೋ ಹ್ಯಾಂಗ ಬಂದದ ನೋಡು!" ಪರಮೇಶ ಮೊಬೈಲಿನ ಪರದೆಯನ್ನು ತಂದೆಯತ್ತ ತಿರುಗಿಸಿದ. ಹಳೆಯ ಮಷೀನುಗಳನ್ನು ಬಿಚ್ಚಿ, ಒಳಗಿನ ಪುಟ್ಟ ಭಾಗಗಳನ್ನು ದೊಡ್ಡದಾಗಿ ಕಾಣುವಂತೆ ಫೋಟೋ ತೆಗೆಯುವುದು ಅವನ ಹವ್ಯಾಸ. ಕೂದಲಿನಂಥ ತಂತಿ ಹಗ್ಗದಷ್ಟು ದಪ್ಪವಾಗಿ ಕಾಣುತ್ತಿತ್ತು. ಅದು ನಡುವೆ ಕಡಿದು, ತುದಿಗೆ ಹಳೆಯ ಹಸಿರು ಕಿಲುಬು ಹಿಡಿದಿತ್ತು.

ವರ್ಷವಿಡೀ ಅವನ ಅವ್ವ ಕಾಶಿಬಾಯಿ ಆ ಮಷೀನನ್ನು ಅಂಗೈಯಲ್ಲಿಟ್ಟು, "ಏನೂ ಕೇಳಸವಲ್ದರಿ" ಎಂದು ಗಂಡನ ಮುಂದೆ ಚಾಚುತ್ತಿದ್ದಳು. "ಮಷೀನ್ ಚೊಲೋನೇ ಅದ. ನೀನೇ ಢೋಂಗ ಮಾಡ್ತಿ" ಎಂದು ಧರ್ಮಣ್ಣ ಎಲ್ಲರೆದುರು ಆ ಕೈ ತಳ್ಳುತ್ತಿದ್ದರು. ಹೋದ ತಿಂಗಳು ಭೂಸನೂರಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಾರ್ನ್ ಅವಳಿಗೆ ಕೇಳಿಸಲಿಲ್ಲ. ಅದರ ಗಾಲಿಗೆ ಸಿಕ್ಕು ಅಲ್ಲೇ ಲಿಂಗೈಕ್ಯಳಾದಳು.

"ಯಪ್ಪಾ, ಅವ್ವ ಖರೇನೇ ಹೇಳ್ತಿದ್ಳು." ಪರಮೇಶ ಕಡಿದ ತಂತಿಯ ಮೇಲೆ ಬೆರಳಿಟ್ಟು ತೋರಿಸಿದ.

"ಫೋಟೋ ಸಣ್ಣದ ಮಾಡಲೇ," ಎಂದರು ಧರ್ಮಣ್ಣ.

ಚಿತ್ರ ಕುಗ್ಗಿತು. ಕಡಿದ ಜಾಗ ಕಾಣದಾಯಿತು.

"ನೋಡು, ಚೊಲೋನೇ ಅದ."