ನೆರೆದೇಶದ ಕರಿ ಗುಂಡಿ

ಆ ಪುಟ್ಟ ದೇಶ ಹೊಟ್ಟೆಬಟ್ಟೆ ಕಟ್ಟಿ ಒಂದೇ ಒಂದು ಬೇಹುಗಾರಿಕೆ ಉಪಗ್ರಹವನ್ನು ಹಾರಿಸಿತ್ತು. ಅದರ ಮೊದಲ ಫೋಟೊ ನೋಡಲು ದೇಶದ ಸೇನಾಪತಿಗಳು ತಾವೇ ಹೊಸ ಸಮವಸ್ತ್ರ ತೊಟ್ಟು ಬಂದರು. ನೋಡಿದವರೇ ಬೆಚ್ಚಿಬಿದ್ದರು. ನೆರೆದೇಶದ ರಾಜಧಾನಿಯ ನಟ್ಟನಡುವೆ ದುಂಡನೆಯ, ಭಾರೀ ಕರಿ ಗುಂಡಿ!

“ಕ್ಷಿಪಣಿ ಇಡೋಕೆ ತೋಡಿದಾರೆ ಕಣಮ್ಮಾ! ತಗೊಂಡು ಬಾ ಯುದ್ಧದ ಕಾಗದ, ಈಗಲೇ ಸಹಿ ಹಾಕ್ತೀನಿ,” ಎಂದು ಪಕ್ಕದಲ್ಲಿದ್ದ ವಿಜ್ಞಾನಿ ನಳಿನಾಕ್ಷಿಗೆ ಆಜ್ಞಾಪಿಸಿದರು.

ನಳಿನಾಕ್ಷಿ ಕಾಗದ ತರಲು ಹೋಗಲಿಲ್ಲ. ಅವಳ ಗಂಡ ಗಡಿಯಲ್ಲಿ ಕಾವಲಿದ್ದ. ಮೊದಲ ಗುಂಡು ಬೀಳುವುದು ಅಲ್ಲೇ.

“ಸಾರ್, ಒಂದ್ನಿಮಿಷ. ನಮ್ಮೂರಿನ ಫೋಟೊನೂ ಬಂದಿದೆ. ಅದರಲ್ಲೂ ಇದೇ ಗುಂಡಿ ಇದೆ, ನಿಮ್ಮ ಕಚೇರಿ ಮೇಲೇ.”

“ಅಯ್ಯೋ, ಇಲ್ಲೀವರೆಗೂ ಸುರಂಗ ಕೊರೆದುಬಿಟ್ರಾ ಪಾಪಿಗಳು!”

“ಸಮುದ್ರದ ಫೋಟೊದಲ್ಲೂ ಇದೆ ಸಾರ್.”

“ನೀರನ್ನೂ ತೋಡಿದಾರಾ? ಪೆನ್ನು ಕೊಡಮ್ಮಾ ಮೊದಲು!”

ಪೆನ್ನು ಕೊಡಲು ಹತ್ತಿರ ಹೋದ ನಳಿನಾಕ್ಷಿ ಅವರ ಮುಖ ನೋಡಿ ಹಾಗೇ ನಿಂತುಬಿಟ್ಟಳು.

“ಸಾರ್, ಉಪಗ್ರಹ ಹಾರಿಸೋ ಮುಂಚೆ ಅದರ ಕ್ಯಾಮೆರಾ ಹತ್ರ ಹೊರಗಿನವರು ಯಾರಾದ್ರೂ ಹೋಗಿದ್ರಾ?”

“ಯಾರನ್ನ ಬಿಡ್ತೀನಿ ನಾನು? ನಮ್ಮಮ್ಮ ಒಬ್ರೇ ಬಂದಿದ್ರು. ‘ನನ್ಮಗ ಮಾಡ್ಸಿದ್ದು, ಯಾರ ಕಣ್ಣೂ ತಾಗದಿರಲಿ’ ಅಂತ ಹರಸಿ ಹೋದ್ರು, ಪಾಪ. ಅದಕ್ಕೂ ಯುದ್ಧಕ್ಕೂ ಏನಮ್ಮಾ ಸಂಬಂಧ?”

ನಳಿನಾಕ್ಷಿ ಪೆನ್ನನ್ನು ಕೆಳಗಿಟ್ಟು, ಕೈಚೀಲದಿಂದ ಸಣ್ಣ ಕನ್ನಡಿ ತೆಗೆದು, ಸೇನಾಪತಿಗಳ ಎಡಗೆನ್ನೆಯ ಮೇಲಿದ್ದ ದುಂಡನೆಯ ಕಾಡಿಗೆ ಬೊಟ್ಟು ಅವರಿಗೇ ಕಾಣುವಂತೆ ಹಿಡಿದಳು.