ಹತ್ತು ಸೆಕೆಂಡಿನ ಮೌನ

ಹತ್ತು ಸೆಕೆಂಡಿನ ವಿಡಿಯೋ ತುಣುಕು ಸಾಕು ಎಂದಿದ್ದರು ಹೆಡ್ ಮೇಷ್ಟ್ರು. ಟೀಚರ್ ಪ್ರಶ್ನೆ ಕೇಳಬೇಕು, ಮೂರನೇ ಬೆಂಚಿನ ಹುಡುಗಿ ಬಾಯಿ ಬಿಡದೆ ಕೂತಿರಬೇಕು, ಅಷ್ಟೇ. ಅದನ್ನು ಅವಳ ತಾಯಿಗೆ ತೋರಿಸಿ, ನಾಳೆಯೇ ಹುಡುಗಿಯನ್ನು ಓದಿನಲ್ಲಿ ಹಿಂದುಳಿದವರ ಸೆಕ್ಷನ್ನಿಗೆ ಸಾಗಹಾಕುವುದು. ಸಾಕ್ಷಿಯಿಲ್ಲದೆ ಹೇಳಿದರೆ ಆ ತಾಯಿ ಕೇಳುವವಳಲ್ಲ. ಹೋದ ಸಲ ಆಫೀಸಿನಲ್ಲಿ ಒಂದು ಗಂಟೆ ಜಗಳಕ್ಕೆ ನಿಂತಿದ್ದಳು.

ವಿಜ್ಞಾನದ ಟೀಚರಿಗೂ ಇದು ಬೇಗ ಮುಗಿದರೆ ಸಾಕಾಗಿತ್ತು. ಆರು ಪೀರಿಯಡ್ ನಿಂತೂ ನಿಂತೂ ಕಾಲು ಊದಿಕೊಂಡಿತ್ತು, ಗಂಟಲು ಕಟ್ಟಿತ್ತು. ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಗೆ ಬಂದು, ಚಪ್ಪಲಿ ಕಳಚಿ, ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕುಸಿದರು. ರಜೆ ಹಾಕಿದ ಮಕ್ಕಳು ಮನೆಯಲ್ಲೇ ಪಾಠ ನೋಡಿಕೊಳ್ಳಲಿ ಎಂದು ತರಗತಿಯಲ್ಲಿ ಎರಡು ಕ್ಯಾಮೆರಾ ಕೂರಿಸಿ ವರ್ಷವಾಗಿತ್ತು, ಒಂದು ಬೋರ್ಡಿನ ಕಡೆಗೆ, ಒಂದು ಮಕ್ಕಳ ಕಡೆಗೆ. ಟೀಚರ್ ಮಾತ್ರ ಒಂದು ದಿನವೂ ತಮ್ಮ ಪಾಠ ನೋಡಿದವರಲ್ಲ. ಮಾಡಿ ಸುಸ್ತಾದದ್ದನ್ನು ಮತ್ತೆ ನೋಡಿ ಸುಸ್ತಾಗಲು ಯಾರಿಗೆ ಪುರುಸೊತ್ತಿದೆ?

"ಸಿಗ್ತಾ ಇಲ್ಲ ಮೇಡಂ," ಎಂದ ಕಂಪ್ಯೂಟರ್ ಕಲಿಸುವ ತರುಣ, ಪರದೆಯಿಂದ ಕಣ್ಣು ತೆಗೆಯದೆ.

"ಏನ್ ಸಿಗ್ತಾ ಇಲ್ಲ? ವರ್ಷವಿಡೀ ಬಾಯಿಗೆ ಬೀಗ ಹಾಕ್ಕೊಂಡೇ ಕೂತಿದಾಳೆ. ಎಲ್ಲಿ ಬೇಕಾದ್ರೂ ಕತ್ತರಿಸಪ್ಪ."

"ಅವಳು ಸುಮ್ನೇ ಇದಾಳೆ ಮೇಡಂ. ನೀವು ಸುಮ್ನಿರೋದು ಸಿಗ್ತಾ ಇಲ್ಲ."

ಅವನು ಅವತ್ತಿನ ಪಾಠವನ್ನೇ ಓಡಿಸಿ ತೋರಿಸಿದ. ಪರದೆಯ ಮೇಲಿನ ಟೀಚರ್, ಬೆಳಿಗ್ಗೆ ಉದ್ದವಿದ್ದ ನೆರಳು ಮಧ್ಯಾಹ್ನ ಗಿಡ್ಡ ಆಗೋದ್ಯಾಕೆ ಎಂದು ಕೇಳಿದರು. ಒಂದು ಸೆಕೆಂಡು ಆಗಿರಲಿಲ್ಲ, ಮುಂದಿನ ಬೆಂಚಿನಿಂದ ಉತ್ತರ ಹಾರಿಬಂತು. ಅಲ್ಲಿ ಕೂರುವ ಮಗುವಿಗೆ ಕ್ಲಾಸಿನವರೆಲ್ಲ ರೇಡಿಯೋ ಅಂತಲೇ ಹೆಸರಿಟ್ಟಿದ್ದರು. ಇನ್ನೊಂದು ಪ್ರಶ್ನೆಗೆ ರೇಡಿಯೋ ಕೂಡ ತಡವರಿಸಿತು. ತಕ್ಷಣ ಟೀಚರೇ, "ಗೊತ್ತಿಲ್ವಾ? ಸರಿ, ಬರ್ಕೊಳ್ಳಿ," ಎಂದುಬಿಟ್ಟರು. ನಲವತ್ತು ನಿಮಿಷದ ಪಾಠದಲ್ಲಿ ಎರಡು ಸೆಕೆಂಡು ನಿಶ್ಶಬ್ದ ಹುಡುಕಿದರೂ ಸಿಗಲಿಲ್ಲ.

"ಅವಳ ಮುಖ ದೊಡ್ಡದು ಮಾಡು," ಎಂದರು ಟೀಚರ್. ಮಾಡಿದ. ಪ್ರಶ್ನೆ ಕಿವಿಗೆ ಬಿದ್ದೊಡನೆ ಹುಡುಗಿಯ ಹುಬ್ಬು ಗಂಟಿಕ್ಕುತ್ತಿತ್ತು. ಕಣ್ಣು ಕಿಟಕಿಯ ಕಡೆ ಹೋಗಿ, ಏನನ್ನೋ ಕಂಡುಕೊಂಡಂತೆ ವಾಪಸು ಬರುತ್ತಿತ್ತು. ತುಟಿ ತೆರೆಯುತ್ತಿತ್ತು, ಕೈ ಭುಜದವರೆಗೆ ಏಳುತ್ತಿತ್ತು. ಅಷ್ಟರಲ್ಲಿ ಟೀಚರ ದನಿ ಶುರು. ಎದ್ದ ಕೈ ಸುಮ್ಮನೆ ಕೂದಲು ಸರಿಮಾಡಿಕೊಂಡು ಕೆಳಗಿಳಿಯುತ್ತಿತ್ತು. ಒಂದೇ ಪಾಠದಲ್ಲಿ ಒಂಬತ್ತು ಸಲ ಹೀಗಾಯಿತು. ಟೀಚರಿಗೆ ಸಿಟ್ಟು ಬಂತು.

"ಮತ್ತೇನ್ ಮಾಡ್ಲಿ? ಪಾಠ ಯಾರ್ ಮುಗಿಸ್ತಾರೆ? ಒಬ್ಬಳಿಗೋಸ್ಕರ ಬಾಯಿ ಕಟ್ಕೊಂಡು ನಿಂತ್ಕೊಳ್ಲಾ?"

"ನಂಗೇನ್ ಗೊತ್ತು ಮೇಡಂ. ನಾನು ಕತ್ತರಿಸೋನು."

ಟೀಚರ್ ಚಪ್ಪಲಿ ಮೆಟ್ಟಿಕೊಂಡರು. "ನಾಳೆ ಫಸ್ಟ್ ಪೀರಿಯಡ್ ನಂದೇ. ಬಾಯಿ ಕಟ್ಕೊಂಡೇ ನಿಂತ್ಕೋತೀನಿ. ಆಗಲೂ ಅವಳು ಮಾತಾಡ್ಲಿಲ್ಲ ಅಂದ್ರೆ ನಿನ್ನ ಹತ್ತು ಸೆಕೆಂಡು ಸಿಗುತ್ತಲ್ಲ, ಹೆಡ್ ಮೇಷ್ಟ್ರಿಗೆ ಅದನ್ನೇ ಕೊಡು."

ಬೆಳಿಗ್ಗೆ ಟೀಚರ್ ಪಾಠಕ್ಕೆ ನಿಂತಾಗ ಹುಡುಗಿಯ ತಾಯಿ ಆಗಲೇ ಆಫೀಸಿನ ಮುಂದೆ ಬಂದು ಕೂತಾಗಿತ್ತು. ಟೀಚರ್ ಬೆಂಚಿನ ಹಲಗೆಯನ್ನೂ ಅದರ ಕಬ್ಬಿಣದ ಕಾಲನ್ನೂ ಎಲ್ಲರಿಗೂ ಮುಟ್ಟಿ ನೋಡಲು ಹೇಳಿದರು. "ಎರಡೂ ರಾತ್ರಿಯೆಲ್ಲ ಒಂದೇ ರೂಮಲ್ಲಿದ್ವು. ಕಬ್ಬಿಣ ಮಾತ್ರ ಯಾಕೆ ತಣ್ಣಗಿದೆ? ಯಾರೂ ತಟ್ಟನೆ ಹೇಳ್ಬೇಡಿ. ಮೊದಲು ಯೋಚ್ನೆ ಮಾಡಿ."

ಬಾಯಿ ಮುಚ್ಚಿ ನಿಲ್ಲುವುದು ಆರು ಪೀರಿಯಡ್ ಮಾತಾಡುವುದಕ್ಕಿಂತ ಕಷ್ಟ ಎಂದು ಅವರಿಗೆ ಆಗಲೇ ತಿಳಿದದ್ದು. ಮೂರು ಸೆಕೆಂಡಿಗೆ ರೇಡಿಯೋ ಕೂತಲ್ಲೇ ಕುಣಿಯತೊಡಗಿತು, ಟೀಚರ್ ಕಣ್ಣಲ್ಲೇ ಗದರಿಸಿದರು. ಐದಕ್ಕೆ ಹಿಂದೆ ಯಾರೋ ಕಿಸಕ್ಕೆಂದರು. ಏಳಕ್ಕೆ ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಎಂಟು, ಒಂಬತ್ತು. ಉತ್ತರ ನಾಲಿಗೆ ತುದಿಗೆ ಬಂದರೂ ಟೀಚರ್ ತುಟಿ ಕಚ್ಚಿ ನಿಂತರು. ಹತ್ತೂ ಆಯಿತು. ಹೆಡ್ ಮೇಷ್ಟ್ರು ಕೇಳಿದ ಸಾಕ್ಷಿಯನ್ನು ಕೈಯಾರೆ ತಯಾರು ಮಾಡಿಕೊಟ್ಟೆನಲ್ಲ ಎಂದು ಅವರ ಜೀವ ಹಿಡಿಯಷ್ಟಾಯಿತು. ಆದರೂ ಬಾಯಿ ತೆರೆಯಲಿಲ್ಲ.

ಹದಿಮೂರನೇ ಸೆಕೆಂಡಿಗೆ ಹುಡುಗಿ ಎದ್ದು ನಿಂತಳು.

"ಎರಡೂ ಒಂದೇ ಥರ ತಣ್ಣಗಿರುತ್ತೆ ಮಿಸ್. ಕಬ್ಬಿಣ... ನಮ್ಮ ಕೈ ಬಿಸೀನ ಬೇಗ ಎಳ್ಕೊಳುತ್ತೆ. ಮರ ನಿಧಾನ. ಅದಕ್ಕೇ ನಮಗೆ ಹಾಗನ್ಸುತ್ತೆ."

ಕ್ಲಾಸೆಲ್ಲ ತಿರುಗಿ ನೋಡಿತು. "ಸರಿಯಾಗಿದೆ. ಕೂತ್ಕೊಳಮ್ಮ," ಎಂದರು ಟೀಚರ್.

ಹುಡುಗಿ ಕೂರಲಿಲ್ಲ.

"ಮಿಸ್, ನಿನ್ನೆ ಕೇಳಿದ್ರಲ್ಲ, ಅವನ್ನೂ ಹೇಳ್ಲಾ? ಅದಕ್ಕಿಂತ ಮುಂಚಿನವೂ ಇವೆ."