ಅತ್ತೆಯ ಕೆಂಪು ಪಟ್ಟಿ

ಶೆಡ್ಡಿನಲ್ಲಿ ಕೆಂಪು ಬಣ್ಣದ ಡಬ್ಬಿ ಇಲ್ಲ. ಬ್ರಶ್ಶೂ ಇಲ್ಲ. ಅಳಿಯ ಮೂಲೆ ಮೂಲೆ ತಡಕಿದ.

ಮರದ ದಂಧೆಯಲ್ಲಿ ಕೆಂಪಿಗೆ ಒಂದೇ ಅರ್ಥ ನೋಡಿ. ಯಾವ ಮರದ ಸೊಂಟಕ್ಕೆ ಕೆಂಪು ಪಟ್ಟಿ ಬಿತ್ತೋ ಅದರ ಕಥೆ ಮುಗೀತು. ಅತ್ತೆ ಹಂಗೆ ಪಟ್ಟಿ ಬಳಿಸಿ ಬಳಿಸೇ ಗುಡ್ಡದ ಬುಡದಲ್ಲಿ ಮಿಲ್ಲು ಕಟ್ಟಿದ ಹೆಂಗಸು. ಊರೆಲ್ಲ ಕರೆಯೋದು 'ಗರಗಸದಮ್ಮ' ಅಂತ. ಎದುರಿಗಲ್ಲ ಬಿಡಿ.

ಅಳಿಯ ಯೋಜನಾ ಕಚೇರಿ ಅಧಿಕಾರಿ. ಕಾಡು ಕಡಿದು ಮಾರಿ ಬದುಕೋ ಈ ಸೀಮೆಗೆ ಹೊಗೆ ಕಮ್ಮಿ, ಗಳಿಕೆ ಜಾಸ್ತಿ ಅನ್ನೋ ದಾರಿ ತೋರಿಸ್ತೀನಿ ಅಂತ ಕೂತು ಪ್ಲಾನ್ ಬರೆದಿದ್ದ. ದೊಡ್ಡ ಮರ ನಿಲ್ಲಲಿ, ಇಂಗಾಲ ಹಿಡಿದಿಟ್ಕೊಳ್ಳೋದೂ ಅವೇ, ಬೀಜ ಉದುರಿಸೋದೂ ಅವೇ. ಸಣ್ಣವನ್ನ ಆರಿಸಿ ಕಡಿದು ಕುರ್ಚಿ, ಮೇಜು ಮಾಡಿ ಮಾರಿ. ಇಷ್ಟೇ. ಮಧ್ಯಾಹ್ನ ಅದಕ್ಕೆ ದುಡ್ಡು ಹಾಕೋರು ನೋಡೋಕೆ ಬರ್ತಿದ್ದಾರೆ. ತೋರಿಸೋಕಿರೋದು ಒಂದೇ ಗುಡ್ಡ, ಅದೂ ಅತ್ತೇದು. ಅಲ್ಲಿ ದೊಡ್ಡ ಮರ ಇಲ್ಲ ಅಂದ್ರೆ ಪ್ಲಾನೂ ಇಲ್ಲ, ಮಣ್ಣೂ ಇಲ್ಲ.

ನಿನ್ನೆ ಊಟಕ್ಕೆ ಕೂತಾಗ ಅತ್ತೆ ಅಂದಿದ್ದಳು, "ಅಳಿಯಂದಿರೇ, ನಿಮ್ಮ ಕಾಗದದ ಕಾಡಿಗೆ ನಾಳೆ ಉತ್ತರ ಕೊಡ್ತೀನಿ. ಗುಡ್ಡದ ಮೇಲೇ ನೋಡ್ಕೊಳ್ಳಿ."

"ಗರಗಸ ಹಿಡಿದ ಕೈಯಲ್ವಾ ಅತ್ತೆ, ಗೊತ್ತೇ ಇದೆ."

"ಕೈ ಹಳೇದೇ. ಪಟ್ಟು ಹೊಸದು."

ಈಗ ಹೆಂಡತಿ ಬಾಗಿಲಲ್ಲಿ ಆಕಳಿಸ್ತಾ ನಿಂತಿದ್ದಳು. "ಅಮ್ಮ ಆಗಲೇ ಹೋದ್ಲು. ದೊಡ್ಡ ಡಬ್ಬಿ ತಗೊಳ್ಳಮ್ಮ ಅಂದ್ರೆ, ಈ ಸಲ ಚಿಕ್ಕದೇ ಸಾಕು ಅಂದ್ಲು. ನಿಮ್ಮ ಪ್ಲಾನನ್ನ ನನ್ನ ಕೈಲಿ ಎರಡು ಸಲ ಓದಿಸಿದ್ಲು ಕಣ್ರೀ."

"ತೂತು ಹುಡುಕೋಕೆ," ಅಂದ ಅಳಿಯ. ಬಣ್ಣ ಅಳಿಸೋ ಟರ್ಪೆಂಟೈನ್ ಕ್ಯಾನು, ಹಳೇ ಬನಿಯನ್ನು ಕಂಕುಳಿಗೆ ಸಿಕ್ಕಿಸ್ಕೊಂಡು ಓಡಿದ.

ಅತ್ತೆ ಆಚೆ ಕಡೆಯಿಂದ ಇಳಿದು ಮಿಲ್ಲಿಗೆ ಹೋಗಿಯಾಗಿತ್ತು. ಗುಡ್ಡದ ಬುಡದಿಂದಲೇ ಶುರು, ದಪ್ಪ ದಪ್ಪ ಮರಕ್ಕೆಲ್ಲ ಕೆಂಪು ಪಟ್ಟಿ. ಸಣಕಲು ಮರಗಳ ಕಡೆ ತಿರುಗಿ ಕೂಡ ನೋಡಿಲ್ಲ.

"ಮುದುಕಿ ಕಣ್ಣು ನೋಡು," ಅಂತ ಗೊಣಗಿದ. "ಗಟ್ಟಿ ಕುಳ ಒಂದನ್ನೂ ಬಿಟ್ಟಿಲ್ಲ."

ಉಜ್ಜಿದ. ಹಸಿ ಬಣ್ಣ, ಬೆಣ್ಣೆ ಥರ ಬಂತು. ಒಂದು ಮರ ಉಜ್ಜೋದು, ಮೇಲಕ್ಕೆ ಹತ್ತೋದು, ಇನ್ನೊಂದು ಮರ. ಕೆಳಗಿಂದ ಗರಗಸದ ಸದ್ದು ಶುರುವಾಯ್ತು, ನಡುನಡುವೆ ಧಡ್ ಧಡ್. ಮಿಲ್ಲಲ್ಲಿ ಲಾರಿಯಿಂದ ದಿಮ್ಮಿ ಉರುಳಿಸ್ತಿದ್ದಾರೆ, ಉರುಳಿಸ್ಲಿ, ಇವತ್ತೇ ಕೊನೆ ಅಂದ್ಕೊಂಡ. ಗುಡ್ಡದ ನೆತ್ತಿ ದಾಟಿ ಆಚೆ ಮಗ್ಗುಲಲ್ಲಿ ಕೊನೇ ಮರ ಒರೆಸೋ ಹೊತ್ತಿಗೆ ಬನಿಯನ್ನು ಪೂರ್ತಿ ಕೆಂಪು, ಅಂಗೈ ಸುಲಿದಿತ್ತು. ಬೇರಿನ ಮೇಲೆ ಕೂತ. ಅತ್ತೆ ಮುಖ ಹೆಂಗಿರುತ್ತೆ ಅಂತ ನೆನೆಸ್ಕೊಂಡು ಒಬ್ಬನೇ ನಕ್ಕ.

ಆಗ ಗರಗಸದ ಮೇಸ್ತ್ರಿ ನೆತ್ತಿ ದಾಟಿ ಇಳಿದು ಬಂದ, ಮೀಸೆ ತುಂಬ ಮರದ ಪುಡಿ.

"ಆ ಮಗ್ಗುಲು ಪೂರ್ತಿ ಕಡಿದು ಮುಗೀತು ಸಾರ್. 'ಈ ಸಲ ಉಲ್ಟಾ ಕಣ್ರೋ, ಅಳಿಯಂದಿರ ಪ್ಲಾನ್ ಪ್ರಕಾರಾನೇ ಆಗ್ಲಿ, ಕೆಂಪು ಪಟ್ಟಿ ಇರೋದನ್ನ ಬಿಟ್ಟು ಮಿಕ್ಕಿದ್ದು ಕಡೀರಿ' ಅಂದಿದ್ರು ಅಮ್ಮಾವ್ರು," ಅಂತ ತಲೆ ಕೆರ್ಕೊಂಡ. "ಹುಡುಕಿ ಹುಡುಕಿ ಸಾಕಾಯ್ತು, ಪಟ್ಟಿ ಇರೋ ಮರ ಒಂದೂ ಸಿಗ್ಲಿಲ್ಲ."